ಓದಲು ಹೋಗುವ ಊರು ಯಾವುದು?

ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡಬೇಕೆಂಬ ಹಂಬಲ ಇಂದು ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಬೇರೂರಿದೆ. ಈ ಹಂಬಲವನ್ನು ನಾವು ಹಳಿಯುವವರಲ್ಲ. ವಿದ್ಯೆಗಾಗಿ ಊರು ಬಿಡುವುದು ವಿದ್ಯೆಯಷ್ಟೇ ಹಳೆಯ ರೂಢಿ. ಆದರೆ ಹಂಬಲವು ನಿರ್ಧಾರವಾಗಿ ಮಾರ್ಪಡುವ ಸಮಯದಲ್ಲಿ ಮನೆಯವರು ಕೇಳುವ ಪ್ರಶ್ನೆಗಳನ್ನು ಗಮನಿಸಿದರೆ, ಅವುಗಳಲ್ಲಿ ಒಂದು ಪ್ರಶ್ನೆ ಸದಾ ಬಿಟ್ಟುಹೋಗುತ್ತದೆ. ಯಾವ ಕೋರ್ಸು, ಯಾವ ವಿಶ್ವವಿದ್ಯಾನಿಲಯ, ಜಗತ್ತಿನ ಪಟ್ಟಿಯಲ್ಲಿ ಅದರ ಸ್ಥಾನ ಎಷ್ಟನೆಯದು, ಶುಲ್ಕ ಎಷ್ಟು, ಕೊನೆಗೆ ಸಂಬಳ ಎಷ್ಟು ಎಂದೆಲ್ಲ ಕೇಳುತ್ತಾರೆ. ಮಗನಾಗಲಿ ಮಗಳಾಗಲಿ ಎರಡು ಮೂರು ವರ್ಷ ಯಾವ ಊರಿನಲ್ಲಿ ಉಂಡು, ಮಲಗಿ, ನಡೆದಾಡಬೇಕು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಊರೆಂಬುದು ಪ್ರವೇಶಪತ್ರದ ಮೂಲೆಯಲ್ಲಿ ಅಚ್ಚಾಗಿರುವ ಒಂದು ಹೆಸರಾಗಿ ಉಳಿಯುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಮೊದಲು ವಿಚಾರಿಸಬೇಕಾದುದು ಊರನ್ನೇ. ಇದು ಅತಿಶಯೋಕ್ತಿ ಎಂದು ಕೆಲವರಿಗೆ ತೋರಬಹುದು. ಆದುದರಿಂದ ಒಂದು ದೇಶವನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಲೆಕ್ಕಪತ್ರದೊಡನೆ ಈ ಮಾತನ್ನು ವಿವರಿಸಲು ಇಚ್ಛಿಸುತ್ತೇವೆ. ಆ ದೇಶ ಜರ್ಮನಿ. ಅಲ್ಲಿ ಓದುತ್ತಿರುವ ವಿದೇಶೀ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ಈಗ ಅತಿ ದೊಡ್ಡ ಗುಂಪು. 2023-24ರ ಚಳಿಗಾಲದ ಅವಧಿಯಲ್ಲಿ ಅವರ ಸಂಖ್ಯೆ 49,000ವನ್ನು ದಾಟಿತ್ತು. ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಪಾಲು ಶುಲ್ಕವಿಲ್ಲ ಎಂಬುದೇ ಈ ಆಕರ್ಷಣೆಯ ಮುಖ್ಯ ಕಾರಣ. ಶುಲ್ಕವಿಲ್ಲದ ಕಡೆ ಖರ್ಚೂ ಇಲ್ಲ ಎಂದು ನಂಬುವುದು ನಮ್ಮವರ ಸ್ವಭಾವ. ನಿಜವಾದ ಖರ್ಚು ಇರುವುದು ಊರಿನಲ್ಲಿ.

ವೀಸಾ ಕೇಳುವ ವಿದ್ಯಾರ್ಥಿಯು ಒಂದು ವರ್ಷದ ಜೀವನಕ್ಕೆ ಬೇಕಾದ ಹಣವನ್ನು ಮೊದಲೇ ಅಲ್ಲಿಯ ಖಾತೆಯೊಂದರಲ್ಲಿ ಇರಿಸಬೇಕೆಂಬ ನಿಯಮವಿದೆ. ಬ್ಲಾಕ್ಡ್ ಅಕೌಂಟ್ ಎಂದು ಈಗ ಹಳ್ಳಿಯ ತಾಯಂದಿರಿಗೂ ಇದರ ಹೆಸರು ಬಾಯಿಪಾಠವಾಗಿದೆ. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೋ. ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೆರಡು ಲಕ್ಷ ರೂಪಾಯಿಗೆ ಕಡಿಮೆಯಿಲ್ಲ. ಅಡಿಕೆ ತೋಟದ ಪಹಣಿಯನ್ನು ಬ್ಯಾಂಕಿನಲ್ಲಿರಿಸಿ, ತಾಯಿಯ ಕರಿಮಣಿಯೊಂದನ್ನು ಬಿಟ್ಟು ಉಳಿದ ಚಿನ್ನವನ್ನೆಲ್ಲ ಅಡವಿಟ್ಟು ಕೂಡಿಸಿದ ಹಣವದು. ಅಲ್ಲಿಗೆ ತಲಪಿದ ಮೇಲೆ ವಿದ್ಯಾರ್ಥಿಗೆ ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಬಿಡುಗಡೆಯಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ವಿದ್ಯಾರ್ಥಿ ಮ್ಯೂನಿಕ್‌ಗೆ ಹೋಗಲಿ, ಕೆಮ್ನಿಟ್ಸ್‌ಗೆ ಹೋಗಲಿ, ಸರ್ಕಾರಕ್ಕೆ ಲೆಕ್ಕ ಒಂದೇ, 992 ಯೂರೋ. ಆದರೆ ಮನೆಯೊಡೆಯರ ಲೆಕ್ಕ ಊರಿಂದೂರಿಗೆ ಬೇರೆ.

ಮ್ಯೂನಿಕ್‌ನಲ್ಲಿ ಮೂರು ನಾಲ್ಕು ಮಂದಿ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆಗೆ ಇಂದು ಸುಮಾರು 800 ಯೂರೋ ಬಾಡಿಗೆಯಿದೆ. ಸ್ಯಾಕ್ಸನಿ ಪ್ರಾಂತದ ಕೆಮ್ನಿಟ್ಸ್‌ನಲ್ಲಿ ಅಂಥದೇ ಕೋಣೆ ಸುಮಾರು 300 ಯೂರೋಗೆ ದೊರೆಯುತ್ತದೆ. ಆರೋಗ್ಯವಿಮೆ ಕಡ್ಡಾಯ, ಅದಕ್ಕೆ ತಿಂಗಳಿಗೆ ಸುಮಾರು 150 ಯೂರೋ ಎಂದಿಟ್ಟುಕೊಳ್ಳೋಣ. ಈಗ ಕಳೆದು ನೋಡಿರಿ. ಮ್ಯೂನಿಕ್‌ನಲ್ಲಿರುವವನ ಕೈಯಲ್ಲಿ ಊಟ, ಬಸ್ಸು, ಪುಸ್ತಕ, ಚಳಿಯ ಕೋಟು ಎಲ್ಲಕ್ಕೂ ಸೇರಿ ಉಳಿಯುವುದು 42 ಯೂರೋ. ಕೆಮ್ನಿಟ್ಸ್‌ನಲ್ಲಿರುವವನಿಗೆ ಉಳಿಯುವುದು 542 ಯೂರೋ. ಜರ್ಮನ್ ಸರ್ಕಾರವು ತನ್ನ ಬಡ ವಿದ್ಯಾರ್ಥಿಗಳಿಗೆ ಕೊಡುವ ಸಹಾಯಧನದಲ್ಲಿ ಬಾಡಿಗೆಯ ಬಾಬ್ತು ತೆಗೆದಿರಿಸಿರುವುದು 380 ಯೂರೋ ಎಂಬುದನ್ನೂ ಇಲ್ಲಿ ನೆನೆಯಬಹುದು. ಮ್ಯೂನಿಕ್‌ನ ಕೋಣೆಯ ಬಾಡಿಗೆ ಅದರ ಇಮ್ಮಡಿಗೂ ಮೀರಿದೆ.

ಉಳಿದ ಹಣವನ್ನು ದುಡಿದು ಸಂಪಾದಿಸಬಹುದಲ್ಲ ಎಂದು ತಂದೆಯಂದಿರು ಹೇಳುತ್ತಾರೆ. ಹೌದು, ದುಡಿಯಬಹುದು. ವರ್ಷಕ್ಕೆ 140 ಪೂರ್ಣ ದಿನ ಯಾ 280 ಅರ್ಧ ದಿನ ದುಡಿಯಲು ಕಾನೂನಿನ ಅನುಮತಿಯಿದೆ. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಆ ಎರಡು ಊರುಗಳ ನಡುವಣ 500 ಯೂರೋ ಅಂತರವನ್ನು ಈ ಕೂಲಿಯಿಂದ ಭಾಗಿಸಿದರೆ ತಿಂಗಳಿಗೆ 36 ಗಂಟೆಯ ದುಡಿಮೆ ಎಂದಾಗುತ್ತದೆ. ಬದುಕನ್ನು ಉತ್ತಮಪಡಿಸಿಕೊಳ್ಳಲು ಮಾಡುವ ದುಡಿಮೆಯಲ್ಲ ಇದು. ಬಾಡಿಗೆಯ ವ್ಯತ್ಯಾಸವನ್ನು ತುಂಬಲು ಮಾಡುವ ದುಡಿಮೆ. ರಾತ್ರಿ ಪಾಳಿಯಲ್ಲಿ ಗೋದಾಮಿನ ಪೆಟ್ಟಿಗೆಗಳನ್ನು ಎತ್ತಿಡುವುದು, ಮಳೆ ಹಿಮದಲ್ಲಿ ಊಟದ ಪೊಟ್ಟಣಗಳನ್ನು ಬೆನ್ನಿಗೇರಿಸಿ ಸೈಕಲ್ ತುಳಿಯುವುದು, ಬೆಳಿಗ್ಗೆ ಎಂಟಕ್ಕೆ ತರಗತಿಯಲ್ಲಿ ತೂಕಡಿಸುವುದು. ಶ್ರಮವನ್ನು ನಾವು ಕೀಳೆಂದು ಭಾವಿಸುವುದಿಲ್ಲ. ಆದರೆ ಅನೇಕ ಜರ್ಮನ್ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಕಡ್ಡಾಯ ಪರೀಕ್ಷೆಯಲ್ಲಿ ಮೂರು ಬಾರಿ ಅನುತ್ತೀರ್ಣನಾದವನು ಆ ಕೋರ್ಸನ್ನೇ ಕಳೆದುಕೊಳ್ಳುತ್ತಾನೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನಮ್ಮ ಕಾಲೇಜುಗಳಂತೆ ಮತ್ತೆ ಮತ್ತೆ ಪರೀಕ್ಷೆಗೆ ಕುಳಿತು ಪದವಿ ಮುಗಿಸಿಕೊಳ್ಳುವ ಅವಕಾಶ ಅಲ್ಲಿಲ್ಲ. ಕೋರ್ಸು ಹೋದರೆ ವಾಸದ ಪರವಾನಗಿಗೂ ಸಂಚಕಾರ ಬರುತ್ತದೆ. ಬಾಡಿಗೆಯ ಚೀಟಿಯಲ್ಲಿ ಆರಂಭವಾದ ಕಥೆ ಅಲ್ಲಿಗೆ ಮುಟ್ಟುವುದನ್ನು ನಾವು ಕಂಡಿದ್ದೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಮದುವೆಯ ಖರ್ಚಿನ ಸಂದರ್ಭದಲ್ಲಿ ನೆನೆಯುವ ನಾವು ಮಕ್ಕಳ ಊರನ್ನು ಆರಿಸುವಾಗ ಮರೆಯುವುದೇಕೋ ತಿಳಿಯದು.

ವಿದ್ಯಾರ್ಥಿಗಳ ಬಾಡಿಗೆಯ ಸಮಸ್ಯೆ ಇಂದು ನಿನ್ನೆಯದಲ್ಲ. ವಿಶ್ವವಿದ್ಯಾನಿಲಯಗಳು ಹುಟ್ಟಿದಾಗಲೇ ಅದೂ ಹುಟ್ಟಿತು. ಹನ್ನೆರಡನೆಯ ಶತಮಾನದಲ್ಲಿ ಆಲ್ಪ್ಸ್ ಪರ್ವತ ದಾಟಿ ಇಟಲಿಯ ಬೊಲೊನ್ಯಾಕ್ಕೆ ಕಾನೂನು ಓದಲು ಹೋಗುತ್ತಿದ್ದವರಿಗೆ 1158ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ರಕ್ಷಣೆಯ ಶಾಸನವೊಂದನ್ನು ಕೊಟ್ಟನು. ತಮ್ಮ ದೇಶದವರು ಮಾಡಿದ ಸಾಲಕ್ಕಾಗಿ ಯಾವ ವಿದ್ಯಾರ್ಥಿಯನ್ನೂ ಹಿಡಿಯಕೂಡದೆಂದು ಅದರಲ್ಲಿ ವಿಧಿಸಲಾಗಿತ್ತು. ಪರದೇಶದಲ್ಲಿ ಓದುವವನು ಎಷ್ಟು ಅಸಹಾಯಕನೆಂಬುದು ಆ ಒಂದು ವಿಧಿಯಿಂದಲೇ ತಿಳಿಯುತ್ತದೆ. ಬೊಲೊನ್ಯಾದಲ್ಲಿ ವಿದ್ಯಾರ್ಥಿಗಳ ಮನೆಬಾಡಿಗೆಯನ್ನು ನಿರ್ಣಯಿಸಲು ಮಧ್ಯಸ್ಥರಿರುತ್ತಿದ್ದರು. 1231ರಲ್ಲಿ ಜಗದ್ಗುರು ಒಂಬತ್ತನೆಯ ಗ್ರೆಗೊರಿಯವರು ಪ್ಯಾರಿಸ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದ ಪ್ರಸಿದ್ಧ ಶಾಸನಪತ್ರದಲ್ಲಿ ಮನೆಬಾಡಿಗೆಯ ನಿರ್ಣಯವನ್ನು ತಪ್ಪಿಸಿದಲ್ಲಿ ಪಾಠಗಳನ್ನೇ ನಿಲ್ಲಿಸುವ ಹಕ್ಕನ್ನು ಗುರುಗಳಿಗೂ ವಿದ್ಯಾರ್ಥಿಗಳಿಗೂ ಮಾನ್ಯ ಮಾಡಿದರು. ಗುರುಮಠದಲ್ಲಿ ಮಧ್ಯಯುಗದ ತತ್ತ್ವಶಾಸ್ತ್ರ ಓದುವಾಗ ಆ ಪತ್ರದ ಉಲ್ಲೇಖ ಬರುತ್ತಿತ್ತು. ಆದರೆ ಬಾಡಿಗೆಯ ಆ ವಾಕ್ಯದತ್ತ ಯಾರ ಬೆರಳೂ ಹೋಗುತ್ತಿರಲಿಲ್ಲ. ತತ್ತ್ವಶಾಸ್ತ್ರದವರಿಗೆ ಬಾಡಿಗೆ ಯಾವಾಗಲೂ ಸಣ್ಣ ವಿಷಯ.

ದೊಡ್ಡ ಊರಿನಲ್ಲಿ ಓದಿದರೆ ದೊಡ್ಡ ಕೆಲಸ ಸಿಗುತ್ತದೆ ಎಂಬ ವಾದ ಎಲ್ಲಕ್ಕಿಂತ ಬಲವಾಗಿ ಕೇಳಿಬರುತ್ತದೆ. ನಮ್ಮ ದೇಶದ ಅನುಭವದಿಂದ ಹುಟ್ಟಿದ ಮಾತಿದು. ಇಲ್ಲಿ ಕೆಲಸವೆಂದರೆ ಬೆಂಗಳೂರು, ಬೆಂಗಳೂರೆಂದರೆ ಕೆಲಸ. ಜರ್ಮನಿ ಹಾಗಲ್ಲ. 1871ರವರೆಗೆ ಆ ದೇಶ ಅನೇಕ ಸಣ್ಣ ದೊಡ್ಡ ರಾಜ್ಯಗಳಾಗಿ ಹಂಚಿಹೋಗಿದ್ದುದರಿಂದ ಅಲ್ಲಿ ವಿದ್ಯೆಯಾಗಲಿ ಕೈಗಾರಿಕೆಯಾಗಲಿ ಒಂದೇ ರಾಜಧಾನಿಗೆ ಹೋಗಿ ಸೇರಲಿಲ್ಲ. ಸಾಪ್ ಎಂಬ ಬೃಹತ್ ತಂತ್ರಾಂಶ ಕಂಪೆನಿಯ ಕೇಂದ್ರವಿರುವುದು ವಾಲ್ಡೋರ್ಫ್ ಎಂಬ ಪುಟ್ಟ ಪಟ್ಟಣದಲ್ಲಿ. ಅದರ ಜನಸಂಖ್ಯೆ ನಮ್ಮ ಒಂದು ತಾಲೂಕು ಕೇಂದ್ರಕ್ಕಿಂತ ಹೆಚ್ಚೇನಲ್ಲ. ಮಸೂರಗಳಿಗೆ ಹೆಸರಾದ ಜೈಸ್ ಸಂಸ್ಥೆ ಯೇನಾದಲ್ಲಿ ಹುಟ್ಟಿತು; ಇಂದು ಅದರ ಮುಖ್ಯ ಕಛೇರಿ ಓಬರ್‌ಕೋಹೆನ್ ಎಂಬ ಚಿಕ್ಕ ಊರಿನಲ್ಲಿದೆ. ತತ್ತ್ವಶಾಸ್ತ್ರದ ಕಥೆಯೂ ಅಷ್ಟೆ. ಕಾಂಟ್ ತನ್ನ ಕೋನಿಗ್ಸ್‌ಬರ್ಗ್ ಬಿಟ್ಟು ದೂರ ಹೋದವನಲ್ಲ. ಹೆಗೆಲ್, ಹೋಲ್ಡರ್ಲಿನ್, ಶೆಲ್ಲಿಂಗ್ ಮೂವರೂ ಟ್ಯೂಬಿಂಗೆನ್‌ನ ವಿದ್ಯಾರ್ಥಿನಿಲಯದ ಒಂದೇ ಕೋಣೆಯಲ್ಲಿ ಇದ್ದವರು. ಅವರು ಮಹಾನಗರದಲ್ಲಿ ಬೇರೆ ಬೇರೆ ಕೋಣೆಗಳನ್ನು ಹಿಡಿದಿದ್ದರೆ ಯುರೋಪಿನ ತತ್ತ್ವಚಿಂತನೆಗೆ ಎಷ್ಟು ನಷ್ಟವಾಗುತ್ತಿತ್ತೋ ಬಲ್ಲವರು ಹೇಳಬೇಕು.

ಕೆಲಸದ ಪ್ರಶ್ನೆಗೆ ಭಾಷೆಯ ಮುಖವೂ ಇದೆ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಜರ್ಮನಿಯಲ್ಲಿ 18 ತಿಂಗಳ ಅವಕಾಶವಿದೆ. ಆ ಅವಧಿಯಲ್ಲಿ ಬಾಗಿಲು ತೆರೆಯುವುದು ಜರ್ಮನ್ ಭಾಷೆ. ಬರ್ಲಿನ್‌ನಲ್ಲಿ ಇಂಗ್ಲಿಷಿನಲ್ಲೇ ಪಾಠ, ಇಂಗ್ಲಿಷಿನಲ್ಲೇ ಸ್ನೇಹ, ಇಂಗ್ಲಿಷಿನಲ್ಲೇ ಕಾಫಿ. ಎರಡು ವರ್ಷ ಕಳೆದರೂ ಮನೆಯೊಡೆಯನ ಪತ್ರವನ್ನು ಓದಲು ಬಾರದವರು ಇದ್ದಾರೆ. ಮಾರ್‌ಬುರ್ಗ್ ಯಾ ಗ್ಯೋಟಿಂಗೆನ್‌ನಂಥ ಊರಿನಲ್ಲಿ ರೊಟ್ಟಿಯಂಗಡಿಯ ಅಜ್ಜಿ ಇಂಗ್ಲಿಷ್ ಮಾತನಾಡುವ ಸಂಭವ ಕಡಿಮೆ. ಆ ಕೊರತೆಯೇ ವಿದ್ಯಾರ್ಥಿಗೆ ವರ.

ಇನ್ನೊಂದು ಅಳತೆಗೋಲು ನಮ್ಮ ಜನರದ್ದು: 'ನಮ್ಮವರು ಅಲ್ಲಿ ಎಷ್ಟು ಮಂದಿ ಇದ್ದಾರೆ?' ವಿಶೇಷವಾಗಿ ಮಗಳನ್ನು ಕಳುಹಿಸುವಾಗ ಈ ಪ್ರಶ್ನೆಯೊಂದೇ ಊರನ್ನು ನಿರ್ಧರಿಸುತ್ತದೆ. ಯಾವುದೋ ಸೋದರಮಾವನ ಪರಿಚಯದವರು ಫ್ರಾಂಕ್‌ಫರ್ಟ್‌ನಲ್ಲಿದ್ದರೆ ಹುಡುಗಿ ಫ್ರಾಂಕ್‌ಫರ್ಟ್‌ಗೇ ಹೋಗಬೇಕು. ಅವಳ ವಿಷಯದ ಪ್ರಾಧ್ಯಾಪಕರು ಬೇರೆಲ್ಲೋ ಇದ್ದರೂ ಚಿಂತೆಯಿಲ್ಲ. ಈ ಪ್ರಶ್ನೆಯ ಹಿಂದಿನ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಕತ್ತಲಾಗುವ, ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವ ದೇಶದಲ್ಲಿ ಜ್ವರ ಬಂದು ಮಲಗಿದಾಗ ಗಂಜಿ ಕಾಯಿಸಿ ಕೊಡುವ ಒಂದು ಕೈ ಬೇಕು. ಪ್ಯಾರಿಸ್, ಬೊಲೊನ್ಯಾಗಳ ಹಳೆಯ ವಿದ್ಯಾರ್ಥಿಗಳೂ ತಮ್ಮ ತಮ್ಮ ನಾಡಿನವರೊಡನೆ 'ರಾಷ್ಟ್ರ'ಗಳೆಂಬ ಸಂಘಗಳನ್ನು ಕಟ್ಟಿಕೊಂಡೇ ಬದುಕಿದರು. ಆದರೆ ಇಬ್ಬರು ಮೂವರು ಸ್ವಭಾಷಿಕರು ಆಸರೆ. ಐವತ್ತು ಮಂದಿಯಾದರೆ ಗೋಡೆ. ಅನ್ನ ಸಾರು ನಮ್ಮದು, ಮಾತು ನಮ್ಮದು, ಜಗಳ ನಮ್ಮದು ಎಂದಾದ ಮೇಲೆ ಅಷ್ಟು ದೂರ ಹೋದುದೇಕೆ?

ಭಯಕ್ಕೆ ಕಾರಣವೇ ಇಲ್ಲವೆಂದು ನಾವು ಹೇಳಿದರೆ ಅದು ಸತ್ಯವಾಗಲಾರದು. ಬಾಡಿಗೆ ಕಡಿಮೆಯಿರುವ ಊರುಗಳಲ್ಲಿ ಹಲವು ಹಿಂದಿನ ಪೂರ್ವ ಜರ್ಮನಿಯಲ್ಲಿವೆ. ನಾವು ಮೇಲೆ ಹೆಸರಿಸಿದ ಕೆಮ್ನಿಟ್ಸ್‌ನಲ್ಲಿಯೇ 2018ರ ಆಗಸ್ಟ್‌ನಲ್ಲಿ ಒಂದು ಕೊಲೆಯ ತರುವಾಯ ವಿದೇಶೀಯರ ವಿರುದ್ಧ ಬೀದಿಗಳಲ್ಲಿ ಗಲಭೆ ನಡೆಯಿತು. ಕೆಲವು ದಿನಗಳಲ್ಲಿ ಅದೇ ಊರಿನಲ್ಲಿ ದ್ವೇಷದ ವಿರುದ್ಧ ಏರ್ಪಡಿಸಿದ್ದ ಸಂಗೀತ ಸಭೆಗೆ ಸುಮಾರು 65,000 ಜನ ಕೂಡಿದರೆಂಬುದೂ ನಿಜ. 2024ರ ಸೆಪ್ಟೆಂಬರ್‌ನಲ್ಲಿ ಯೇನಾ ಇರುವ ತುರಿಂಗಿಯಾ ಪ್ರಾಂತದ ಚುನಾವಣೆಯಲ್ಲಿ ವಲಸೆಯನ್ನು ಕಟುವಾಗಿ ವಿರೋಧಿಸುವ ಪಕ್ಷ ಮೊದಲ ಸ್ಥಾನ ಗಳಿಸಿತು. ಕಂದು ಬಣ್ಣದ ಹುಡುಗಿಯೊಬ್ಬಳು ರಾತ್ರಿಯ ಟ್ರಾಮಿನಲ್ಲಿ ಒಂಟಿಯಾಗಿ ಬರುವಾಗ ಈ ಅಂಕಿಗಳು ಅವಳ ಬೆನ್ನ ಹಿಂದೆ ಕುಳಿತಿರುತ್ತವೆ. ಇದನ್ನು ಬಾಡಿಗೆಯ 500 ಯೂರೋದೊಡನೆ ತೂಗುವ ತಕ್ಕಡಿ ನಮ್ಮಲ್ಲಿಲ್ಲ, ಯಾರಲ್ಲಿಯೂ ಇರಲಾರದು. ಹೋಗುವವಳೇ ತೂಗಬೇಕು. ಇಷ್ಟು ಮಾತ್ರ ಹೇಳಬಲ್ಲೆವು: ವಿಶ್ವವಿದ್ಯಾನಿಲಯವೇ ಬದುಕಿನ ಕೇಂದ್ರವಾಗಿರುವ ಊರಿಗೂ, ಅದೇ ಪ್ರಾಂತದ ಉಳಿದ ಪಟ್ಟಣಗಳಿಗೂ ಅಂತರವಿರುತ್ತದೆ. ಪ್ರಾಂತದ ಹೆಸರು ನೋಡಿ ಊರನ್ನು ತಳ್ಳಿಹಾಕುವ ಮೊದಲು ಅಲ್ಲಿ ಈಗಾಗಲೇ ಓದುತ್ತಿರುವ ಇಬ್ಬರನ್ನಾದರೂ ಕೇಳಬೇಕು. ಅವರಲ್ಲಿ ಒಬ್ಬಳಾದರೂ ಹುಡುಗಿಯಾಗಿರಬೇಕು. ಭಾರತದಿಂದ ದೂರವಾಣಿಯಲ್ಲಿ ಕೇಳುವಾಗ ತಂದೆ ಪಕ್ಕದಲ್ಲಿ ಕುಳಿತಿರದಿದ್ದರೆ ಉತ್ತರ ಇನ್ನೂ ಸತ್ಯವಾಗಿರುತ್ತದೆ.

ದುಬಾರಿ ಊರನ್ನು ಆರಿಸುವುದು ಸರಿಯಾಗುವ ಸಂದರ್ಭಗಳೂ ಇಲ್ಲದಿಲ್ಲ. ಅರಸುವ ಗುರು ಅಲ್ಲಿಯೇ ಇದ್ದರೆ ಉಳಿದ ಲೆಕ್ಕಗಳನ್ನು ಬದಿಗಿರಿಸಬಹುದು. ಬ್ರೆಸ್ಲಾವ್‌ನಲ್ಲಿ ಓದುತ್ತಿದ್ದ ಎಡಿತ್ ಸ್ಟೈನ್ ಎಂಬ ತರುಣಿ ಹುಸೆರ್ಲ್‌ನ ಗ್ರಂಥವೊಂದನ್ನು ಓದಿ, ಆ ಗುರುವಿಗಾಗಿಯೇ 1913ರಲ್ಲಿ ಊರು ಬಿಟ್ಟು ಗ್ಯೋಟಿಂಗೆನ್‌ಗೆ ಹೋದಳು. ಮುಂದೆ ಹುಸೆರ್ಲ್ ಫ್ರೈಬುರ್ಗ್‌ಗೆ ವರ್ಗವಾದಾಗ ಅಲ್ಲಿಯೇ 1916ರಲ್ಲಿ ಡಾಕ್ಟರೇಟ್ ಪಡೆದಳು. ನಮ್ಮವರೇ ಆದ ರಾಮಮನೋಹರ ಲೋಹಿಯಾ ಆ ಕಾಲದ ಎಲ್ಲರಂತೆ ಇಂಗ್ಲೆಂಡನ್ನು ನೆಚ್ಚದೆ ಬರ್ಲಿನ್‌ನಲ್ಲಿ ಓದಿದರು. ಭಾರತದ ಉಪ್ಪಿನ ತೆರಿಗೆಯ ಕುರಿತು ಪ್ರಬಂಧ ಬರೆದು 1933ರಲ್ಲಿ ಮರಳಿದರು. 1951ರಲ್ಲಿ ಕಾಗೋಡಿನ ರೈತರ ಪರವಾಗಿ ಸೆರೆಗೆ ಹೋದ ಲೋಹಿಯಾರವರೇ ಅವರು. ಗುರುವನ್ನಾಗಲಿ ವಿಷಯವನ್ನಾಗಲಿ ಹೀಗೆ ಅರಸಿಕೊಂಡು ಹೋಗುವವನಿಗೆ ಊರು ತಾನಾಗಿ ನಿಶ್ಚಯವಾಗುತ್ತದೆ. ಆದರೆ ನಮ್ಮಲ್ಲಿ ಮ್ಯೂನಿಕ್ ಬೇಕೆನ್ನುವ ಹತ್ತು ಮಂದಿಯಲ್ಲಿ ಅಲ್ಲಿಯ ಒಬ್ಬ ಪ್ರಾಧ್ಯಾಪಕರ ಹೆಸರು ಹೇಳಬಲ್ಲವರು ವಿರಳ. ಅಂಥವರಿಗೆ ಇನ್ನೊಂದು ಸಂಗತಿಯನ್ನೂ ತಿಳಿಸಬೇಕು: ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾನಿಲಯವು 2024-25ರ ಚಳಿಗಾಲದ ಅವಧಿಯಿಂದ ಯುರೋಪಿನ ಹೊರಗಿನ ಹೊಸ ವಿದ್ಯಾರ್ಥಿಗಳಿಗೆ ಶುಲ್ಕ ವಿಧಿಸಿದೆ. ಸ್ನಾತಕೋತ್ತರ ತರಗತಿಗಳಿಗೆ ಅರ್ಧವರ್ಷಕ್ಕೆ ಅದು 4,000ದಿಂದ 6,000 ಯೂರೋ.

ಟ್ಯೂಬಿಂಗೆನ್‌ನ ಹೆಸರು ಕೇಳಿದಾಗ ಕನ್ನಡಿಗರ ಕಿವಿ ನೆಟ್ಟಗಾಗಬೇಕು. 'ಮಂಗಳೂರ ಸಮಾಚಾರ'ದ ಮೋಗ್ಲಿಂಗ್ ಓದಿದ ಊರದು. ನಿಘಂಟಿನ ಕಿಟ್ಟೆಲ್ 1903ರಲ್ಲಿ ಕಣ್ಣುಮುಚ್ಚಿದ ಊರೂ ಅದೇ. ಇಬ್ಬರ ಕನ್ನಡ ಸೇವೆಗೂ ಆ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಆದರೆ ಅಭಿಮಾನದಿಂದ ಊರು ಆರಿಸುವವರೂ ಲೆಕ್ಕ ಬಿಡಬಾರದು. ಆ ಊರಿರುವ ಬಾಡೆನ್-ವುರ್ಟೆಂಬರ್ಗ್ ಪ್ರಾಂತದಲ್ಲಿ 2017ರಿಂದಲೇ ನಮ್ಮಂಥ ದೇಶಗಳ ವಿದ್ಯಾರ್ಥಿಗಳಿಗೆ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕವಿದೆ.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಓದುವ ಊರಿನಲ್ಲೇ ವಾಸಿಸಬೇಕೆಂಬ ನಿರ್ಬಂಧವೇನೂ ಇಲ್ಲ. ಮ್ಯೂನಿಕ್‌ಗೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಔಗ್ಸ್‌ಬುರ್ಗ್ ಇದೆ. ಬಾಡಿಗೆ ಅಲ್ಲಿ ಕಡಿಮೆ, ಸಾಧಾರಣ ರೈಲಿನಲ್ಲಿ ಮುಕ್ಕಾಲು ಗಂಟೆಯ ಹಾದಿ. ಇಡೀ ದೇಶದ ಬಸ್ಸು, ಟ್ರಾಮು ಮತ್ತು ಸಾಧಾರಣ ರೈಲುಗಳಲ್ಲಿ ಸಂಚರಿಸಬಹುದಾದ ತಿಂಗಳ ಟಿಕೇಟಿನ ಬೆಲೆ 2026ರಲ್ಲಿ 63 ಯೂರೋ. ಅನೇಕ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಿಗೆ ಅದು ಇನ್ನೂ ಅಗ್ಗ. ಮಂಗಳೂರಿನ ಕಾಲೇಜಿಗೆ ಕಾರ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದವರ ಮಕ್ಕಳಿಗೆ ಇದು ಹೊಸತೇನಲ್ಲ.

ಕೋಣೆ ಕಾಣದೆ ಯಾರಿಗೂ ಮುಂಗಡ ಹಣ ಕಳುಹಿಸಬಾರದು. ಮನೆಯೊಡೆಯನು ಪಡೆಯಬಹುದಾದ ಠೇವಣಿಗೆ ಕಾನೂನಿನ ಮಿತಿಯಿದೆ. ವಿದ್ಯುತ್ತು, ಶಾಖ ಮುಂತಾದ ಖರ್ಚು ಸೇರಿಸದ ಮೂಲ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಅದು ಮೀರಕೂಡದು. ವಿಳಾಸದ ನೋಂದಣಿಗೆ ಮನೆಯೊಡೆಯನ ಲಿಖಿತ ದೃಢೀಕರಣ ಬೇಕಾಗುತ್ತದೆ. ಆ ಕಾಗದ ಕೊಡಲು ಒಪ್ಪದವನ ಕೋಣೆ ಎಷ್ಟೇ ಅಗ್ಗವಾದರೂ ಬೇಡ. ವಿಳಾಸ ನೋಂದಣಿಯಾಗದೆ ಅಲ್ಲಿ ಬೇರೆ ಯಾವ ಕೆಲಸವೂ ಮುಂದುವರಿಯುವುದು ಕಷ್ಟ.

ನಗರದ ಕಟ್ಟಡಗಳ ಮಹಡಿಗಳಲ್ಲಿ ಕಛೇರಿ ತೆರೆದಿರುವ ಮಧ್ಯವರ್ತಿಗಳು ಊರಿನ ಬಗ್ಗೆ ಮಾತೆತ್ತುವುದಿಲ್ಲ. ಎತ್ತಿದರೂ ಬರ್ಲಿನ್ ಎಂದಷ್ಟೇ ಹೇಳುತ್ತಾರೆ. ಬರ್ಲಿನ್‌ನಲ್ಲಿ ದುಬಾರಿ ಶುಲ್ಕದ ಖಾಸಗಿ ಸಂಸ್ಥೆಗಳು ಅನೇಕ ಇರುವುದರಿಂದ ಅವರ ದಲ್ಲಾಳಿ ಹಣವೂ ಅಲ್ಲಿಂದಲೇ ಬರುತ್ತದೆ. ಇಂಥವರ ಮುಂದೆ ಕುಳಿತಾಗ ಒಂದೇ ಪ್ರಶ್ನೆ ಕೇಳಿರಿ: ಆ ಊರಿನಲ್ಲಿ ವಿದ್ಯಾರ್ಥಿಗಳ ಸರ್ಕಾರಿ ವಸತಿನಿಲಯದ ಕೋಣೆಗೆ ಎಷ್ಟು ತಿಂಗಳು ಕಾಯಬೇಕು? ಉತ್ತರ ಬಾರದಿದ್ದರೆ ಎದ್ದು ಬನ್ನಿರಿ.

ಆ ವಸತಿನಿಲಯಗಳನ್ನು ನಡೆಸುವವು ವಿದ್ಯಾರ್ಥಿ ಸೇವಾ ಸಂಸ್ಥೆಗಳು. ಪ್ರತಿಯೊಂದು ವಿಶ್ವವಿದ್ಯಾನಿಲಯದ ಊರಿಗೂ ಅಂಥದೊಂದಿದೆ. ಅವುಗಳ ಬಾಡಿಗೆ ಹೊರಗಿನದಕ್ಕಿಂತ ಬಹಳ ಕಡಿಮೆ. ದೊಡ್ಡ ನಗರಗಳಲ್ಲಿ ಒಂದೆರಡು ಅರ್ಧವರ್ಷಗಳ ಕಾಲ ಕಾಯಬೇಕಾಗುವುದುಂಟು. ಚಿಕ್ಕ ಊರುಗಳಲ್ಲಿ ಬಂದ ತಿಂಗಳಿಗೇ ಸಿಕ್ಕಿದ ನಿದರ್ಶನಗಳಿವೆ. ಚಳಿಗಾಲದ ತರಗತಿಗಳು ಅಕ್ಟೋಬರ್‌ನಲ್ಲಿ ಆರಂಭವಾಗುತ್ತವೆ. ವೀಸಾ ಕೈಸೇರಿದ ಮೇಲೆ, ಅಂದರೆ ಸೆಪ್ಟೆಂಬರ್‌ನಲ್ಲಿ, ಕೋಣೆ ಹುಡುಕಲು ಹೊರಡುವವನಿಗೆ ಉಳಿದಿರುವುದು ಯಾರೂ ಬೇಡವೆಂದು ಬಿಟ್ಟ ಕೋಣೆಗಳು ಮಾತ್ರ. ಅನೇಕ ಕಡೆ ಪ್ರವೇಶಪತ್ರ ಬರುವ ಮುನ್ನವೇ ವಸತಿನಿಲಯಕ್ಕೆ ಅರ್ಜಿ ಹಾಕಲು ಅವಕಾಶವಿದೆ. ಎರಡು ಮೂರು ಊರುಗಳ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕುವ ದಿನವೇ ಆ ಊರುಗಳ ವಸತಿನಿಲಯಗಳಿಗೂ ಬರೆಯಿರಿ. ಯಾವ ಊರಿನಿಂದ ಕೋಣೆಯ ಉತ್ತರ ಮೊದಲು ಬರುವುದೋ ಆ ಊರಿನ ಪ್ರವೇಶಪತ್ರವನ್ನು ಇನ್ನೊಮ್ಮೆ ಗಮನವಿಟ್ಟು ಓದಿರಿ.